ತೊಳೆಯದೆ ಕೊಟ್ಟ ಮನೆ

ಮನೆ ತೊಳೆದು ಕೊಡುವ ಕೆಲಸ ನನ್ನದಾಗಿತ್ತು. ನಾನು ತೊಳೆಯಲಿಲ್ಲ.

ಮೊದಲ ಸಾಲಿನಲ್ಲೇ ಇದನ್ನು ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಆದ್ದರಿಂದ ಉಳಿದದ್ದನ್ನೂ ಹೇಳಬೇಕಾಗಿದೆ. ನಾನು ಓದಿದ್ದು ಏಳನೇ ಇಯತ್ತೆಯವರೆಗೆ. ಕುಕ್ಕರ್ ಮತ್ತು ಗ್ಯಾಸ್ ಒಲೆ ರಿಪೇರಿ ನನ್ನ ಉದ್ಯೋಗ. ಕುಕ್ಕರಿಗೆ ಒಂದು ಅನುಕೂಲವಿದೆ. ಒಳಗೆ ಒತ್ತಡ ಹೆಚ್ಚಾದರೆ ತಾನೇ ಕೂಗಿ ಸುಮ್ಮನಾಗುತ್ತದೆ. ಮನುಷ್ಯನಿಗೆ ಹಾಗಿಲ್ಲ, ಕುಳಿತು ಬರೆಯಬೇಕಾಗುತ್ತದೆ.

ಇದೆಲ್ಲ ನೆನಪಾದದ್ದು ಮೊನ್ನೆ ಬಚ್ಚಲಿನಲ್ಲಿ. ಈಗ ನಾವಿರುವುದು ವಿದ್ಯಾನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ, ನೆಲಮಟ್ಟದ ಮನೆ. ಮುಖ ತೊಳೆಯಲು ನಳ ತಿರುಗಿಸಿದೆ, ನೀರು ಬಂತು. ಕೂಡಲೇ ನನ್ನ ಕೈ ಮುಖ ಬಿಟ್ಟು ಬಕೆಟ್ ಹುಡುಕತೊಡಗಿತು. ಇಲ್ಲಿ ಯಾವಾಗ ತಿರುಗಿಸಿದರೂ ನೀರು ಬರುತ್ತದೆ ಎಂದು ನನ್ನ ತಲೆಗೆ ಗೊತ್ತು. ಕೈಗೆ ಇನ್ನೂ ಯಾರೂ ಹೇಳಿಲ್ಲ. ನಾನು ಮಾಡಿದ ತಪ್ಪಿಗೆ ಅರ್ಧ ಪಾಲು ಈ ಕೈಯೇ ಕಾರಣ.

ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ. ಬೇರೆಯವರಿಗಾಗಿ ಹೇಳುತ್ತೇನೆ. ನಾವು ಮೊದಲಿದ್ದದ್ದು ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ. ಅಲ್ಲಿಗೆ ನೀರು ವಾರಕ್ಕೊಮ್ಮೆ ಬರುತ್ತಿತ್ತು. ಮನಸ್ಸಿಲ್ಲದಿದ್ದರೆ ಇನ್ನೂ ತಡಮಾಡುತ್ತಿತ್ತು. ನೀರು ಬರುವ ಮುನ್ನ ನಳದೊಳಗಿನ ಗಾಳಿ ಹೊರಗೆ ಬಂದು ನಳ ಒಂದು ಸಲ ಕೆಮ್ಮುತ್ತದೆ. ಅಜ್ಜನ ಕೆಮ್ಮು ಯಾವುದು, ನಳದ ಕೆಮ್ಮು ಯಾವುದು ಎಂದು ನಿದ್ದೆಯಲ್ಲೂ ಗುರುತಿಸುವುದು ನಮಗೆ ಸಾಲೆ ಸೇರುವ ಮೊದಲೇ ಬರುತ್ತಿತ್ತು. ಅಜ್ಜ ಕೆಮ್ಮಿದರೆ ಮಗ್ಗುಲು ಬದಲಿಸುತ್ತಿದ್ದೆವು. ನಳ ಕೆಮ್ಮಿದರೆ ಮನೆಯೆಲ್ಲ ಎದ್ದು ನಿಲ್ಲುತ್ತಿತ್ತು. ಅಜ್ಜನೂ.

ತುಂಬುವುದಕ್ಕೂ ಒಂದು ಕ್ರಮವಿತ್ತು. ಮೊದಲು ಕುಡಿಯುವ ನೀರಿನ ತಾಮ್ರದ ಕೊಡ, ಬಾಯಿಗೆ ಬಿಳಿ ಅರಿವೆ ಕಟ್ಟಿ. ಆಮೇಲೆ ಅಡಿಗೆಯ ಹರವಿಗಳು, ಬಚ್ಚಲಿನ ಹಂಡೆ, ಡ್ರಂಗಳು. ಇಷ್ಟಾದ ಮೇಲೂ ನೀರು ಬರುತ್ತಲೇ ಇದ್ದರೆ ಮನೆಯವರ ಮುಖದಲ್ಲಿ ಖುಷಿಯ ಬದಲು ಗಾಬರಿ ಕಾಣಿಸುತ್ತಿತ್ತು. ಬರುವ ನೀರನ್ನು ಬಿಟ್ಟುಕೊಡುವುದು ಹೇಗೆ? ಪಾತೇಲಿ, ಡಬರಿ, ಚರಿಗೆ, ಕೊನೆಗೆ ನನ್ನ ಊಟದ ಡಬ್ಬಿ. ಮನೆಯಲ್ಲಿ ಒಂದೇ ನಮೂನೆಯ ಡಬ್ಬಿಗಳಿದ್ದವು. ಒಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ತೆರೆದು ನೋಡಿದರೆ ರೊಟ್ಟಿಯಿಲ್ಲ, ಅಂಚಿನವರೆಗೆ ನೀರು. ಮಾಸ್ತರರು ಇಣುಕಿ ನೋಡಿ, "ಬಸವರಾಜ, ನಿಮ್ಮವ್ವ ಇವತ್ತ ಪಲ್ಯಾ ಸ್ವಲ್ಪ ತೆಳ್ಳಗ ಮಾಡ್ಯಾಳಲ್ಲೋ" ಎಂದರು. ಅವರ ಮನೆಯೂ ನಮ್ಮ ಸಾಲಿನಲ್ಲೇ ಇತ್ತು, ಅವರಿಗೆ ಆಶ್ಚರ್ಯವೇನೂ ಆಗಿರಲಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು ಹಳೆ ನೀರಿನ ಸಂಗತಿ. ನಿನ್ನೆಯವರೆಗೂ ನಾವು ನೀರನ್ನು ತುಪ್ಪದ ಹಾಗೆ ಬಳಸುತ್ತಿದ್ದೆವು. ಕಾಲು ತೊಳೆದ ನೀರು ಗಿಡಕ್ಕೆ, ಅಕ್ಕಿ ತೊಳೆದದ್ದು ಎಮ್ಮೆಗೆ. ಆದರೆ ನಳ ಕೆಮ್ಮಿದ ಗಳಿಗೆಯಲ್ಲಿ ಮನೆಯಲ್ಲಿದ್ದ ಅಷ್ಟೂ ನೀರು ಒಮ್ಮೆಲೇ ಹಳಸಿಬಿಡುತ್ತಿತ್ತು. ಅದು ಹಳೆ ನೀರು. ಅದನ್ನು ಕುಡಿಯಬಾರದು. ಇಡೀ ವಾರ ಕುಡಿದದ್ದು ಅದನ್ನೇ, ಆದರೂ ಈಗ ಬಾರದು. ಅದಕ್ಕೆ ಉಳಿದ ಕೆಲಸ ಒಂದೇ, ನೆಲ ತೊಳೆಯುವುದು. ಹೊಸ ನೀರು ಹೊಟ್ಟೆಗೆ, ಹಳೆ ನೀರು ನೆಲಕ್ಕೆ. ಈ ಕಾಯ್ದೆಯನ್ನು ಯಾರು ಮಾಡಿದರೋ ಗೊತ್ತಿಲ್ಲ, ಮುರಿದವರನ್ನಂತೂ ನಾನು ಕಂಡಿಲ್ಲ.

ನೆಲ ತೊಳೆಯುತ್ತಿದ್ದವಳು ನನ್ನ ಅಕ್ಕ ನೀಲವ್ವ. ಅವ್ವ ತೀರಿಕೊಂಡ ಮೇಲೆ ಮನೆ ಆಕೆಯ ಕೈಗೆ ಬಂತು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ಈ ಫರ್ಶಿ ಬಿಟ್ಟ ಎಲ್ಲಿ ಹೋಗ್ಲಿ" ಎನ್ನುತ್ತಿದ್ದಳು. ಪಡಸಾಲೆಯಿಂದ ಹಿತ್ತಲಿನವರೆಗೆ ಹಾಸಿದ್ದ ಆ ಕಲ್ಲಿನ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು, ಒಂದು ಕೈಯಲ್ಲಿ ಚರಿಗೆ, ಇನ್ನೊಂದರಲ್ಲಿ ಕಡ್ಡಿ ಕಸಬರಿಗೆ ಹಿಡಿದು, ಹಿಂದಕ್ಕೆ ಸರಿಯುತ್ತ ಸರಿಯುತ್ತ ತೊಳೆಯುತ್ತಿದ್ದಳು. ನಾನು ಹೊರಸಿನ ಮೇಲೆ ಕುಳಿತಿರುತ್ತಿದ್ದೆ. ಆಕೆ ಹತ್ತಿರ ಬಂದಾಗ "ಕಾಲ ಎತ್ತು" ಎನ್ನುತ್ತಿದ್ದಳು. ಎತ್ತುತ್ತಿದ್ದೆ. ಮನೆ ತೊಳೆಯುವುದರಲ್ಲಿ ನನ್ನ ಪಾಲು ಅಷ್ಟೇ, ಆದರೆ ಅದನ್ನು ನಾನು ಒಮ್ಮೆಯೂ ತಪ್ಪಿಸಿದವನಲ್ಲ. ನಡುವಯಸ್ಸು ದಾಟಿದ ಮೇಲೂ ಎತ್ತುತ್ತಿದ್ದೆ. ನನ್ನ ಹೆಂಡತಿ ಶೋಭಾ ಬಂದ ಮೇಲೆ ಆಕೆ ನೆರವಿಗೆ ಹೋದರೆ ಅಕ್ಕ ಕಸಬರಿಗೆ ಕೊಡುತ್ತಿರಲಿಲ್ಲ. "ನಿನಗ ಮೂಲಿ ಗೊತ್ತಾಗೂದಿಲ್ಲ" ಎನ್ನುತ್ತಿದ್ದಳು.

ಮೂಲೆಗಳೇನೋ ಸ್ವಚ್ಛವಾದವು, ಮೊಳಕಾಲು ಹೋದವು. ಎಕ್ಸ್‌ರೇ ನೋಡಿದ ಡಾಕ್ಟರು, "ಅಜ್ಜಿ ಏನ ಕೆಲಸಾ ಮಾಡ್ತಿದ್ರು?" ಎಂದು ನನ್ನನ್ನು ಕೇಳಿದರು. "ನೆಲಾ ತೊಳೀತಿದ್ರು ಸರ್" ಎಂದೆ. "ನೀವು?" ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಹಳೆಯ ಮನೆಗೆ ಎತ್ತರದ ಕಟ್ಟೆ, ಅದಕ್ಕಿಂತ ಎತ್ತರದ ಹೊಸ್ತಿಲು. ಕೃತಕ ಮೊಳಕಾಲು ಹಾಕಿಸಿಕೊಂಡು ಅದನ್ನೆಲ್ಲ ಹತ್ತಿ ಇಳಿಯುವುದು ಆಗದ ಮಾತು. ಹೀಗಾಗಿ ಮನೆ ಮಾರಿದೆವು. ಕೊಂಡವರು ಪಕ್ಕದ ಓಣಿಯಲ್ಲಿ ಬಾಡಿಗೆಗಿದ್ದ ಗಿರಿಜವ್ವ ಮತ್ತು ಆಕೆಯ ಗಂಡ ಚನ್ನಪ್ಪ. ಅವರದು ಖಾರದ ಪುಡಿಯ ಗಿರಣಿ. ಮನೆ ನೋಡಲು ಬಂದ ದಿನ ಗಿರಿಜವ್ವ ಗೋಡೆ ನೋಡಲಿಲ್ಲ, ಮಾಳಿಗೆ ನೋಡಲಿಲ್ಲ. ನೆಲ ನೋಡಿದಳು. "ಅಕ್ಕಾರ, ಇದರ ಮ್ಯಾಲೆ ಎಲಿ ಇಲ್ಲದಽ ಉಣ್ಣಬಹುದಲ್ರಿ" ಎಂದಳು. ಅಕ್ಕನ ಮುಖ ಅರಳಿತು. "ನೀವು ಹಾಲ ಉಕ್ಕಿಸಾಕ ಬರೂ ದಿನಾ ನಮ್ಮ ಧೂಳ ಒಂದ ಕಣಾನೂ ಇರೂದಿಲ್ಲ. ನಾ ಮಾತ ಕೊಟ್ಟೇನಿ" ಎಂದಳು.

ಅಕ್ಕ ಕೊಟ್ಟ ಮಾತು ಎಂದರೆ ಓಣಿಯಲ್ಲಿ ಬೆಲೆಯಿತ್ತು. ಆಕೆ ಸುಳ್ಳು ಹೇಳುವುದಿಲ್ಲ, ಹೇಳಲು ಬರುವುದೂ ಇಲ್ಲ. ನನಗೆ ಹೆಣ್ಣು ನೋಡಲು ಹೋದಾಗ ಶೋಭಾಳ ಅಪ್ಪ, "ಹುಡುಗ ಹೆಂಗ್ರಿ?" ಎಂದು ಕೇಳಿದ್ದಕ್ಕೆ, "ಮೈಗಳ್ಳ ಅದಾನ್ರಿ. ಆದರ ಸಿಟ್ಟಿನಾಂವ ಅಲ್ಲ" ಎಂದು ನನ್ನ ಮುಂದೆಯೇ ಹೇಳಿದ್ದಳು. ಮಾತಿನ ಎರಡನೆಯ ಅರ್ಧಕ್ಕಾಗಿ ಅವರು ಹೆಣ್ಣು ಕೊಟ್ಟರು. ಮೊದಲನೆಯ ಅರ್ಧವನ್ನು ಶೋಭಾ ಆಮೇಲೆ ಸಾವಕಾಶವಾಗಿ ಖಾತ್ರಿ ಮಾಡಿಕೊಂಡಳು.

ಆಪರೇಷನ್ನಿಗೆ ಸತ್ತೂರಿನ ಆಸ್ಪತ್ರೆಗೆ ಹೋಗುವಾಗ ಅಕ್ಕ ಆಟೋದೊಳಗೆ ಕುಳಿತೇ ನನಗೆ ಪಾಠ ಹೇಳಿದಳು. "ಕೀಲಿ ಕೊಡೂ ಹಿಂದಿನ ದಿನಾ ನೀರ ಬರ್ತಾವು. ಬರೂಕಿಂತ ಮೊದಲ ಡ್ರಂನಾಗಿನ ಹಳೀ ನೀರ ಹಾಕಿ ಮನಿ ತೊಳಿ. ಮನೀನೂ ಸ್ವಚ್ಛ ಆಗತೈತಿ, ಡ್ರಮ್ಮೂ ಖಾಲಿ ಆಗ್ತಾವು, ಟೆಂಪೋದಾಗ ಹಾಕ್ಕೊಂಡ ಹೋಗಾಕ ಬರತೈತಿ. ತಿಳೀತಿಲ್ಲೋ?" "ತಿಳೀತು." "ನಾಗೊಂದಿ ಮ್ಯಾಲಿಂದ ಸುರು ಮಾಡು." ನಾಗೊಂದಿ ಎಂದರೆ ಅಡಿಗೆಮನೆಯ ಗೋಡೆಗೆ ಎತ್ತರದಲ್ಲಿ ಜೋಡಿಸಿದ ಹಲಗೆ, ಪಾತ್ರೆ ಇಡುವ ಜಾಗ. "ಮ್ಯಾಲಿಂದ ತೊಳೀತೇನಿ" ಎಂದೆ. ಶೋಭಾ ಅಕ್ಕನ ಜೊತೆ ಆಸ್ಪತ್ರೆಯಲ್ಲಿ ಉಳಿದಳು. ಮನೆಯಲ್ಲಿ ನಾನೊಬ್ಬನೇ.

ಕೀಲಿ ಕೊಡುವ ಹಿಂದಿನ ದಿನ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಬಾಯಿ ಹೊಲಿದೆ. ನೆಲ ತೊಳೆಯುವ ಮುನ್ನ ಒಂದು ಕಪ್ ಚಹಾ ಕುಡಿಯೋಣ ಎಂದು ಅಂಗಡಿಗೆ ಹೋಗಿ ಬಂದು ಕಟ್ಟೆಯ ಮೇಲೆ ಕುಳಿತೆ. ಬಿಸಿಲು ಹಿತವಾಗಿತ್ತು. ಅಷ್ಟರಲ್ಲಿ ನಳ ಕೆಮ್ಮಿತು.

ಆಮೇಲೆ ನಡೆದದ್ದನ್ನು ನಾನು ಮಾಡಿದೆ ಎನ್ನುವುದಕ್ಕಿಂತ ನನ್ನಿಂದ ಆಯಿತು ಎನ್ನಬೇಕು. ಒಳಗೆ ಓಡಿದೆ. ಡ್ರಂಗಳಲ್ಲಿ ಹಳೆ ನೀರಿದೆ, ಹೊಸದಕ್ಕೆ ಜಾಗವಿಲ್ಲ. ಒಂದೊಂದನ್ನೇ ಹೊರಳಿಸಿಕೊಂಡು ಹೋಗಿ ಹಿತ್ತಲಿನ ಗಟಾರಕ್ಕೆ ಸುರುವಿದೆ. ತಂದು ನಳದ ಕೆಳಗಿಟ್ಟೆ. ತುಂಬಿತು. ಇನ್ನೊಂದು. ಹಂಡೆ ತುಂಬಿತು. ನೀರು ಇನ್ನೂ ಬರುತ್ತಿತ್ತು. ಕೈ ಸುಮ್ಮನಿರಲಿಲ್ಲ, ಗೋಣಿಚೀಲದ ಹೊಲಿಗೆ ಬಿಚ್ಚಿತು. ಹರವಿ, ಕೊಡ, ಡಬರಿ, ಪಾತೇಲಿ, ಒಂದೊಂದಾಗಿ ಹೊರಗೆ ಬಂದವು, ತುಂಬಿದವು, ಪಡಸಾಲೆಯಲ್ಲಿ ಸಾಲಾಗಿ ಕುಳಿತವು. ನೀರು ನಿಂತಾಗ ನನಗೆ ಪರಮಾನಂದವಾಗಿತ್ತು. ಇಷ್ಟು ಚೆನ್ನಾಗಿ ಒಬ್ಬನೇ ಯಾವತ್ತೂ ತುಂಬಿರಲಿಲ್ಲ. ಅಕ್ಕ ನೋಡಬೇಕಿತ್ತು ಅಂದುಕೊಂಡೆ. ಆಗ ಟೆಂಪೋದ ಹಾರ್ನ್ ಕೇಳಿಸಿತು.

ಟೆಂಪೋದ ದಾದಾಪೀರ ನಮ್ಮ ಓಣಿಯವನೇ, ನನ್ನ ಜೊತೆ ಗೋಲಿ ಆಡಿದವನು. ಬಾಗಿಲಲ್ಲಿ ನಿಂತು ಒಳಗೆ ನೋಡಿದ. ಬಹಳ ಹೊತ್ತು ನೋಡಿದ.

"ಬಸಣ್ಣಾ, ಮನಿ ಖಾಲಿ ಮಾಡಾಕತ್ತೀಯೋ, ಕೆರಿ ಕಟ್ಟಾಕತ್ತೀಯೋ?"

"ನೀರ ಬಂದೂವು. ತುಂಬಿದೆ."

"ಹೋಗೂ ಮನ್ಯಾಗ ನೀರ ಇಲ್ಲೇನು?"

"ಅಲ್ಲೆ ಹಗಲೂ ರಾತ್ರಿ ಬರ್ತಾವಂತ."

"ಹಂಗಾರ ಇದನ್ನ ಯಾರಿಗೆ ತುಂಬಿದಿ?"

ನಾನು ತಾಮ್ರದ ಕೊಡದ ಬಾಯಿಗೆ ಅರಿವೆ ಕಟ್ಟತೊಡಗಿದೆ.

"ಚೆಲ್ಲಿಬಿಡು, ಡ್ರಂ ಎತ್ತೂಣು" ಎಂದ.

"ಹೊಸಾ ನೀರಲೇ ಅವು."

ದಾದಾಪೀರ ಎತ್ತಿದ ಕೈ ಇಳಿಸಿದ. "ಅದೂ ಖರೇ ಅನ್ನು" ಎಂದು ಕಟ್ಟೆಯ ಮೇಲೆ ಕುಳಿತ. ಬೇರೆ ಊರಿನವನಾಗಿದ್ದರೆ ತಾನೇ ಹೊರಳಿಸಿ ಚೆಲ್ಲಿ ಡ್ರಂ ಹಾಕಿಕೊಂಡು ಹೋಗುತ್ತಿದ್ದ. ಇವನು ಹುಬ್ಬಳ್ಳಿಯವನು, ಅವನ ಕೈಗೂ ಆಗಲಿಲ್ಲ.

ಪಕ್ಕದ ಮನೆಯ ಕಾಕೂಗೆ ಕೊಡೋಣ ಎಂದು ಹೋದೆ. "ನೀರ ಬೇಕೇನ್ರಿ ಕಾಕೂ?" ಎಂದೆ. "ನಾನಽ ನಿಮ್ಮ ಮನೀಗೆ ಬರಾಕತ್ತಿದ್ದೆ. ಒಂದ ಖಾಲಿ ಕೊಡಾ ಇದ್ದರ ಕೊಡಪಾ, ನಮ್ಮೂವು ಎಲ್ಲಾ ತುಂಬ್ಯಾವು" ಎಂದಳು ಆಕೆ.

ತಿರುಗಿ ಬಂದು ದಾದಾಪೀರನ ಬಾಜೂ ಕುಳಿತೆ. ಅವನು ಯೋಚನೆ ಮಾಡಿ, "ಹಂಗಾರ ಇದಽ ನೀರಿಲೇ ಮನಿ ತೊಳದಬಿಡು" ಎಂದ. ಹೇಳಿದ ಮೇಲೆ ಅವನಿಗೇ ನಾಚಿಕೆಯಾಯಿತು. ಹೊಸ ನೀರಿನಿಂದ ನೆಲ! ಮದುವೆಯ ಇಳಕಲ್ ಸೀರೆಯಿಂದ ಒಲೆ ಒರೆಸು ಎಂದ ಹಾಗಾಯಿತು. ಮನೆ ತುಂಬ ನೀರಿತ್ತು, ಮನೆ ತೊಳೆಯಲು ನೀರಿರಲಿಲ್ಲ.

ಕೊನೆಗೆ ದಾರಿ ತೋರಿಸಿದವನೂ ಅವನೇ. "ನಾಳಿಗೆ ಮುಂಜಾನೆ ಅನ್ನೂದ್ರಾಗ ಹಳೀವು ಆಗ್ತಾವು ತಗೋ. ಲಗೂ ಬಂದು ತೊಳದಬಿಡು. ಡ್ರಂ ಖಾಲಿಯಾದ ಮ್ಯಾಲೆ ನಾ ಬಂದ ಒಯ್ತೇನಿ." ನ್ಯಾಯ ಸರಿಯಾಗಿತ್ತು. ಇಬ್ಬರಿಗೂ ಸಮಾಧಾನವಾಯಿತು. ಹೊರಸು, ಕಪಾಟು, ಹಾಸಿಗೆ ಎಲ್ಲ ಟೆಂಪೋ ಏರಿದವು. ಅವುಗಳ ಹಿಂದೆ ಅಡಗಿದ್ದ ಧೂಳು, ಮೆಣಸಿನಕಾಯಿ ಬೀಜ, ಜೇಡರ ಬಲೆ ಹೊರಬಿದ್ದವು. ಅದರ ಮೇಲೆ ಕಸಬರಿಗೆಯನ್ನು ಸುಮ್ಮನೆ ಆಡಿಸಿದೆ. ಧೂಳು ಎದ್ದು, ಮನೆಯನ್ನೆಲ್ಲ ಒಂದು ಸುತ್ತು ನೋಡಿ, ಬೇರೆ ಕಡೆ ಕುಳಿತಿತು.

ಸಂಜೆಗೆ ಆಸ್ಪತ್ರೆಯಿಂದ ಅಕ್ಕನ ಫೋನು.

"ತೊಳದೇನೋ ಬಸೂ?"

ನಾಳೆ ತೊಳೆಯುತ್ತೇನೆ ಎನ್ನಬಹುದಿತ್ತು. ಆದರೆ ಹಳೆ ನೀರನ್ನು ಗಟಾರಕ್ಕೆ ಹಾಕಿದ್ದನ್ನೂ ಹೇಳಬೇಕಾಗುತ್ತಿತ್ತು. ನಾಳೆ ಹೇಗೂ ತೊಳೆಯುವವನೇ, ಒಂದು ರಾತ್ರಿ ಮುಂಚಿತವಾಗಿ ಹೇಳಿದರೆ ಏನಾಯಿತು?

"ತೊಳದೆ ಅಕ್ಕಾ."

"ಮೂಲಿ?"

"ಮೂಲೀನೂ."

"ನಾಗೊಂದಿ ಮ್ಯಾಲೆ?"

"ಮೊದಲ ಅದನ್ನಽ ತೊಳದೆ."

"ನೀರ ಕರ್ರಗ ಬಂದೂವೇನು?"

"ಕರ್ರಗ ಬಂದೂವು. ಆಮ್ಯಾಲೆ ತಿಳಿ ಆದೂವು."

ಇಷ್ಟು ವಿವರವಾಗಿ ನಾನು ಖರೇ ಮಾತನ್ನೂ ಯಾವತ್ತೂ ಹೇಳಿರಲಿಲ್ಲ. ಅಕ್ಕ, "ಶಾಣ್ಯಾ ಆದಿ ಬಿಡು" ಎಂದಳು. ಆಕೆಯ ಬಾಯಿಂದ ಆ ಮಾತು ಕೇಳಲು ನಾನು ಚಿಕ್ಕಂದಿನಿಂದ ಕಾದಿದ್ದೆ. ಕೇಳಿಸಿಕೊಂಡ ಮೇಲೆ ಊಟ ಸೇರಲಿಲ್ಲ.

ಮರುದಿನ ಮುಂಜಾನೆ ನಾನೇನೂ ತಡಮಾಡಲಿಲ್ಲ. ಗಿರಿಜವ್ವನವರು ಬರುವ ಹೊತ್ತಿಗಿಂತ ಬಹಳ ಮುಂಚೆಯೇ ಕೀಲಿ ಹಿಡಿದು ವಿದ್ಯಾನಗರದಿಂದ ಹೊರಟೆ. ಓಣಿಯ ತಿರುವಿನಲ್ಲೇ ಕಂಡಿತು, ಕಟ್ಟೆಯ ಮೇಲೆ ಅವರೆಲ್ಲ ಆಗಲೇ ಕುಳಿತಿದ್ದರು. ಗಿರಿಜವ್ವನ ತೊಡೆಯ ಮೇಲೆ ಹಾಲಿನ ಪಾತೇಲಿ, ಚನ್ನಪ್ಪನ ಕೈಯಲ್ಲಿ ಬಾಳೆಕಂಬ, ಬಾಜೂ ಪೂಜೆಯ ಅಯ್ಯನವರು. "ಅಯ್ಯನೋರಿಗೆ ಇನ್ನೊಂದ ಕಡೆ ಕಾರ್ಯ ಬಂತ್ರಿ, ಅದಕ್ಕ ಲಗೂನ ಬಂದ್ವಿ. ಅಕ್ಕಾರಿಗೂ ಫೋನ್ ಮಾಡೇನ್ರಿ" ಎಂದಳು ಗಿರಿಜವ್ವ.

ಅಕ್ಕನಿಗೆ ಯಾಕೆ ಎಂದು ನಾನು ಕೇಳುವುದರೊಳಗೆ ಆಟೋ ಬಂದು ನಿಂತಿತು. ಅವತ್ತೇ ಡಿಸ್ಚಾರ್ಜ್. ಅಕ್ಕ ನೇರವಾಗಿ ಇಲ್ಲಿಗೇ ಬಂದಿದ್ದಳು, ಹೊಸ ಮನೆಯೊಡತಿಗೆ ಉಡಿ ತುಂಬದೆ ಹೋಗುವವಳಲ್ಲ. ಎಕ್ಸ್‌ರೇ ಚೀಲದಲ್ಲೇ ತೆಂಗಿನಕಾಯಿ, ಕುಪ್ಪಸದ ಕಣ. ನಾನೂ ಶೋಭಾಳೂ ಎರಡು ಕಡೆ ಹಿಡಿದು, ವಾಕರ್ ಸಮೇತ ಆಕೆಯನ್ನು ಕಟ್ಟೆ ಹತ್ತಿಸಿದೆವು. "ಕೀಲಿ ತಗೀಯೋ. ನೋಡ್ಲಿ ಮಂದಿ" ಎಂದಳು, ಹೆಮ್ಮೆಯಿಂದ.

ತೆಗೆದೆ. ಬೇರೆ ಏನು ಮಾಡಲಿ?

ಗಿರಿಜವ್ವ ಬಲಗಾಲಿಟ್ಟು ಒಳಗೆ ಬಂದವಳು ಅಲ್ಲೇ ನಿಂತುಬಿಟ್ಟಳು. "ಯವ್ವಾ, ಮನಿ ತುಂಬ ನೀರ" ಎಂದಳು. ಪಡಸಾಲೆಯ ಉದ್ದಕ್ಕೂ ಡ್ರಂ, ಹಂಡೆ, ಹರವಿ, ಕೊಡ, ಅಂಚು ಮುಟ್ಟಿ ತುಂಬಿ ನಿಂತಿದ್ದವು. ಆಕೆಯ ಕಣ್ಣು ಒದ್ದೆಯಾದವು. "ಬರೂ ಮಂದೀಗೆ ತೊಂದ್ರಿ ಆಗಬಾರದಂತ ಯಾರ್ ತುಂಬಿಡ್ತಾರ್ರಿ ಈ ಕಾಲದಾಗ?"

"ನಾ ಟ್ಯಾಂಕರ್ ಹೇಳಿದ್ದೆ. ಬ್ಯಾಡ ಅಂತೇನಿ" ಎಂದು ಚನ್ನಪ್ಪ ಫೋನು ತೆಗೆದ. ಅಯ್ಯನವರು, "ತುಂಬಿದ ಕೊಡಾ ನೋಡಿ ಒಳಗ ಬಂದ್ರಿ, ಇದಕ್ಕಿಂತ ಛಲೋ ಶಕುನ ಇಲ್ಲ. ಒಡಹುಟ್ಟಿದಾಂವ ಅಂದ್ರ ಹಿಂಗ ಇರಬೇಕು" ಎಂದು ನನ್ನ ಬೆನ್ನು ತಟ್ಟಿದರು.

ಅಕ್ಕ ಮಾತ್ರ ಕೊಡಗಳನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು. ಧೂಳಿನಲ್ಲಿ ನನ್ನ ಚಪ್ಪಲಿಯ ಗುರುತು ಬಾಗಿಲಿನಿಂದ ನಳದವರೆಗೆ, ನಳದಿಂದ ಬಾಗಿಲವರೆಗೆ ಸ್ಪಷ್ಟವಾಗಿತ್ತು. ಆಕೆಯ ಕಣ್ಣು ಮೂಲೆಗೆ ಹೋಯಿತು, ನಾಗೊಂದಿಗೆ ಏರಿತು. ಅಲ್ಲಿ ಮಸಿಯ ನಡುವೆ ಪಾತ್ರೆ ಇದ್ದ ಕಡೆಯೆಲ್ಲ ದುಂಡನೆಯ ಗುರುತುಗಳು. ಆಮೇಲೆ ಕಣ್ಣು ನನ್ನ ಕಡೆಗೆ ಬಂತು. ನಾನು ಒಂದು ಹರವಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಚನ್ನಪ್ಪನೂ ಈಗ ಕೆಳಗೆ ನೋಡಿದ. ಸಂಕೋಚದಿಂದ, "ನೆಲಾ ಅಷ್ಟ ಸ್ವಲ್ಪ…" ಎಂದ.

"ನಾನಽ ಬ್ಯಾಡ ಅಂದೆ" ಎಂದಳು ಅಕ್ಕ.

ನಾನು ತಲೆ ಎತ್ತಿದೆ. ಆಕೆ ಸೆರಗನ್ನು ಎಳೆದುಕೊಂಡು, ಯಾರ ಮುಖವನ್ನೂ ನೋಡದೆ, ಗೋಡೆಗೆ ಹೇಳುವವಳ ಹಾಗೆ ಹೇಳುತ್ತಿದ್ದಳು. "ಇಂವ ತೊಳೀತೇನಂತ ನಿಂತಿದ್ದ. ನಾನಽ ಫೋನ್ ಮಾಡಿ ಬ್ಯಾಡ ಅಂದೆ. ತೊಳದ್ರ ನೀರ ಮುಗೀತಾವು, ಅವರಿಗೆ ಇರ್ಲಿ ಅಂತ." ಮಾತು ಮುಗಿಯುವಾಗ ದನಿ ನಡುಗಿತು. ಇಷ್ಟು ವಯಸ್ಸಿಗೆ ಮೊದಲ ಸಲ ಮಾಡುವ ಕೆಲಸ, ಕೈ ಪಳಗಿರಲಿಲ್ಲ.

"ಅಕ್ಕಾರ, ನಿಮ್ಮ ಮನಸ್ಸ ದೊಡ್ಡದು" ಎಂದಳು ಗಿರಿಜವ್ವ.

ಅಲ್ಲಿಗೆ ಎಲ್ಲ ಸರಿಹೋಗಿತ್ತು. ನಾನು ಸುಮ್ಮನಿದ್ದರೆ ಸಾಕು. ಸುಮ್ಮನಿರುವುದರಲ್ಲಿ ನನಗೆ ಒಳ್ಳೆಯ ಅನುಭವವಿದೆ. ನಮ್ಮ ಮನೆಯಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ರೂಢಿಯೇ ಇಲ್ಲ. ತಪ್ಪು ಮಾಡಿದವರು ಎದ್ದು ಹೋಗಿ ಚಹಾ ಮಾಡುತ್ತಾರೆ, ಇನ್ನೊಬ್ಬರು ಕುಡಿಯುತ್ತಾರೆ, ಮುಗಿಯಿತು. ತಪ್ಪು ದೊಡ್ಡದಿದ್ದರೆ ಏಲಕ್ಕಿ ಬೀಳುತ್ತದೆ. ಆದರೆ ಆ ಗಳಿಗೆಯಲ್ಲಿ ಆ ಮನೆಯ ಒಲೆ ನಮ್ಮದಾಗಿರಲಿಲ್ಲ, ಚಹಾಪುಡಿ ಟೆಂಪೋದಲ್ಲಿ ಹೋಗಿತ್ತು. ಅಕ್ಕ ವಾಕರ್ ಹಿಡಿದು ಇನ್ನೂ ಗೋಡೆಯ ಕಡೆಗೇ ತಿರುಗಿ ನಿಂತಿದ್ದಳು. ಅದು ಮೊಳಕಾಲಿನ ನೋವಿನಿಂದ ಅಲ್ಲ ಎಂದು ನನಗೆ ಗೊತ್ತಿತ್ತು.

"ಅಕ್ಕಾ" ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. "ಅದು ಹೆಂಗಾತಂದ್ರ, ನಾ ಚಾ ಕುಡದ ಬಂದ ಕುಂತಿದ್ದೆ, ನಳಾ ಕೆಮ್ಮಿತು. ಡ್ರಂನಾಗ ಹಳೀ ನೀರ ಇದ್ದೂವು, ನಾ ಏನ ಮಾಡಿದ್ನೆಪಾ ಅಂದ್ರ, ಹೊಸಾವು ಬಂದೂವಂತ…"

"ಬಸೂ" ಎಂದಳು ಅಕ್ಕ ಮೆಲ್ಲಗೆ. "ನೀರಿನ ಕಥಿ ಬ್ಯಾಡ."

ಗಿರಿಜವ್ವ ಹಾಲಿನ ಪಾತೇಲಿ ಹಿಡಿದು ನಿಂತಿದ್ದಳು. ಅಯ್ಯನವರು ಗಡಿಯಾರ ನೋಡಿಕೊಂಡರು. ನಾನು ಹರವಿಯನ್ನು ಬಿಟ್ಟು ಅಕ್ಕನ ಮುಖ ನೋಡಿದೆ. ಅಷ್ಟು ಜನರ ಮುಂದೆ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ:

"ಅಕ್ಕಾ, ನಾ ಮನಿ ತೊಳೀಲಿಲ್ಲ. ತೊಳದೇನಿ ಅಂತ ನಿನಗ ಸುಳ್ಳ ಹೇಳಿದೆ. ಈಗ ನಿನ್ನ ಬಾಯಿಂದನೂ ಸುಳ್ಳ ಹೇಳಿಸಿದೆ. ನನ್ನ ಕಡಿಂದ ತಪ್ಪಾತು."